ಅಪ್‌ಡೇಟ್ ಆದ ಮೇಲೆ ಕೆಟ್ಟ ಪ್ಲಗಿನ್: ಸಂಘದ ಜಾಲತಾಣವೊಂದರ ದೋಷ ಹುಡುಕಿದ ಬಗೆ

ಮುಂಬಯಿಯ ಕನ್ನಡ ಸಂಘವೊಂದರ ಜಾಲತಾಣವನ್ನು ನಾನು ಡೊಂಬಿವಲಿಯ ಮನೆಯಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ತಾಣ ವರ್ಡ್‌ಪ್ರೆಸ್ ಎಂಬ, ಜಾಲತಾಣ ಕಟ್ಟುವ ತಂತ್ರಾಂಶದ್ದು. ಅದರಲ್ಲಿ 22 ಪ್ಲಗಿನ್‌ಗಳು, ಅಂದರೆ ಹೆಚ್ಚುವರಿ ಸೌಕರ್ಯ ಕೊಡುವ ಸಣ್ಣ ತಂತ್ರಾಂಶಗಳು, ಇವೆ. ಸಂಘದ ಸದಸ್ಯರಿಗೆ ಅದರಲ್ಲಿ ನಿಜವಾಗಿ ಬೇಕಾದದ್ದು ಒಂದೇ, ಮುಂದಿನ ಕಾರ್ಯಕ್ರಮ ಎಲ್ಲಿ, ಎಷ್ಟು ಗಂಟೆಗೆ ಎಂದು ತೋರಿಸುವ ಪಟ್ಟಿ. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳು ಫೋನ್ ಮಾಡಿ, “ಪಟ್ಟಿಯೇ ಕಾಣುವುದಿಲ್ಲ ಮಾರಾಯ್ರೆ, ಬೆಳಿಗ್ಗೆಯಿಂದ ನಾಲ್ಕು ಜನ ಕೇಳಿದ್ರು” ಎಂದರು. ಅಂದು ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ರೈಲುಗಳನ್ನು ಕೆಲವು ತಾಸು ತಡೆಯುವುದು) ಇದ್ದುದರಿಂದ ಮಾಟುಂಗಾದ ಸಭಾಂಗಣದ ಕಾರ್ಯಕ್ರಮವನ್ನು ಒಂದು ತಾಸು ಮುಂದೂಡಿ, ಹೊಸ ಸಮಯವನ್ನು ತಾಣದಲ್ಲಿ ನೋಡಿಕೊಳ್ಳಬೇಕೆಂದು ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಲಾಗಿತ್ತು. ಹಿಂದಿನ ರಾತ್ರಿ ಕಾರ್ಯಕ್ರಮ ಪಟ್ಟಿಯ ಪ್ಲಗಿನ್ ತಾನಾಗಿಯೇ ಅಪ್‌ಡೇಟ್ ಆಗಿತ್ತು.

ಇಂಥ ಹೊತ್ತಿನಲ್ಲಿ ದೋಷ ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ, ಕೆಟ್ಟ ಭಾಗ ಜನರಿಗೆ ತಲುಪಿಸಬೇಕಾಗಿದ್ದ ಮಾಹಿತಿಯನ್ನು ಬೇರೆ ದಾರಿಯಿಂದ ತಲುಪಿಸುವುದು. ಮುಖಪುಟದ ಮೇಲ್ಭಾಗದಲ್ಲಿ ಸಮಯ, ಸ್ಥಳ, ಮೆಗಾ ಬ್ಲಾಕಿನ ಸೂಚನೆ ಈ ಮೂರನ್ನೂ ಬರೀ ಅಕ್ಷರಗಳಲ್ಲಿ ಟೈಪ್ ಮಾಡಿ ಪ್ರಕಟಿಸಲು ಐದು ನಿಮಿಷ ಸಾಕಾಯಿತು. ಆ ಐದು ನಿಮಿಷ ಕೊಟ್ಟದ್ದರಿಂದ ಉಳಿದ ಕೆಲಸವನ್ನು ಅವಸರವಿಲ್ಲದೆ ಮಾಡಲು ಸಾಧ್ಯವಾಯಿತು. ಅವಸರದಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಟ್ಟ ಪ್ಲಗಿನ್ನನ್ನು ಡಿಲೀಟ್ ಮಾಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ಅನೇಕರು ನಂಬುತ್ತಾರೆ. ಡೀಆ್ಯಕ್ಟಿವೇಟ್ ಮಾಡಿದಾಗ ಪ್ಲಗಿನ್ ನಿಲ್ಲುತ್ತದೆಯೇ ಹೊರತು ಅದರ ಮಾಹಿತಿ ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿ ಉಳಿದಿರುತ್ತದೆ. ಆದರೆ ಡ್ಯಾಶ್‌ಬೋರ್ಡಿನಿಂದ ಡಿಲೀಟ್ ಮಾಡಿದಾಗ ಪ್ಲಗಿನ್‌ನ ಅನ್‌ಇನ್‌ಸ್ಟಾಲ್ ಕ್ರಿಯೆ ನಡೆಯುತ್ತದೆ, ಮತ್ತು ಕೆಲವು ಪ್ಲಗಿನ್‌ಗಳು ಆ ಕ್ರಿಯೆಯಲ್ಲಿ ತಮ್ಮ ಟೇಬಲ್‌ಗಳನ್ನೂ ಅಳಿಸಿಹಾಕುತ್ತವೆ. ವರ್ಷಗಟ್ಟಲೆ ಸೇರಿಸಿಟ್ಟ ಕಾರ್ಯಕ್ರಮಗಳ ದಾಖಲೆ ಒಂದು ಗುಂಡಿ ಒತ್ತಿದಷ್ಟಕ್ಕೆ ಹೋಗಬಹುದು. ಆದುದರಿಂದ ಏನನ್ನು ಮುಟ್ಟುವ ಮುನ್ನವೂ ಫೈಲ್‌ಗಳು ಮತ್ತು ಡೇಟಾಬೇಸ್ ಎರಡರ ಬ್ಯಾಕಪ್ ತೆಗೆದಿಡಬೇಕು, ಎರಡರಲ್ಲಿ ಒಂದು ಮಾತ್ರ ಇದ್ದರೆ ಅದು ಬ್ಯಾಕಪ್ ಅಲ್ಲ.

ಬದಲಾದದ್ದು ಏನು

ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಎಂದಾಗ ಯಾವ ಅಪ್‌ಡೇಟ್ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಮೊದಲ ಹೆಜ್ಜೆ. ವರ್ಡ್‌ಪ್ರೆಸ್ ತಾಣವೊಂದರಲ್ಲಿ ಕನಿಷ್ಠ ನಾಲ್ಕು ಸಂಗತಿಗಳು ಒಂದಕ್ಕೊಂದು ಹೇಳದೆ ಬದಲಾಗುತ್ತಿರುತ್ತವೆ: ವರ್ಡ್‌ಪ್ರೆಸ್, ಪ್ಲಗಿನ್, ತಾಣದ ರೂಪವನ್ನು ನಿರ್ಧರಿಸುವ ಥೀಮ್, ಮತ್ತು ಇವೆಲ್ಲ ಯಾವುದರ ಮೇಲೆ ನಿಂತಿವೆಯೋ ಆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ. ವರ್ಡ್‌ಪ್ರೆಸ್‌ನ ಸಣ್ಣ ಆವೃತ್ತಿಗಳು 2013ರ 3.7ರಿಂದಲೂ ತಾವಾಗಿಯೇ ಬಂದು ಕೂರುತ್ತಿವೆ, ಪ್ಲಗಿನ್ ಮತ್ತು ಥೀಮ್‌ಗಳಿಗೆ ಈ ಸೌಕರ್ಯ 2020ರ 5.5ರಲ್ಲಿ ಬಂತು. ಪಿಎಚ್‌ಪಿಯನ್ನು ಬದಲಿಸುವವರು ತಾಣವನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಡುವ ಹೋಸ್ಟಿಂಗ್ ಕಂಪನಿಯವರು. ಅವರು ಮುಂಚಿತವಾಗಿ ಮೇಲ್ ಕಳುಹಿಸುತ್ತಾರೆ, ಆದರೆ ಆ ಮೇಲ್ ಸಾಮಾನ್ಯವಾಗಿ ಬಿಲ್ ಕಟ್ಟುವವರಿಗೆ ಹೋಗುತ್ತದೆ, ತಾಣ ನೋಡಿಕೊಳ್ಳುವವರಿಗಲ್ಲ.

ಪುಣೆಯಲ್ಲಿ ಉಡುಪಿ ಹೋಟೆಲೊಂದರ ತಾಣವನ್ನು ನೋಡಿಕೊಳ್ಳುವ ಗೆಳೆಯರಿಗೆ ಇದೇ ಕಾರಣದಿಂದ ಎರಡು ದಿನ ಹೋಯಿತು. ಅವರು ಮೆನು ಪ್ಲಗಿನ್ನನ್ನು ಅಪ್‌ಡೇಟ್ ಮಾಡಿದ ಮರುದಿನ ಹೋಸ್ಟಿಂಗ್‌ನವರು ಪಿಎಚ್‌ಪಿಯನ್ನು 7.4ರಿಂದ 8ರ ಸಾಲಿಗೆ ಏರಿಸಿದ್ದರು. ತಾಣ ಪೂರ್ತಿ ನಿಂತಿತು, ಗೆಳೆಯರು ಮೆನು ಪ್ಲಗಿನ್‌ನ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಹಾಕಿ ನೋಡಿದರು, ಯಾವುದೂ ನಡೆಯಲಿಲ್ಲ. ತಪ್ಪು ಇದ್ದದ್ದು ವರ್ಷಗಳಿಂದ ಯಾರೂ ಮುಟ್ಟದ ಇನ್ನೊಂದು ಫೋಟೋ ಗ್ಯಾಲರಿ ಪ್ಲಗಿನ್‌ನಲ್ಲಿ. ಪಿಎಚ್‌ಪಿ 7.2ರಲ್ಲೇ ‘ಇದನ್ನು ಬಳಸಬೇಡಿ’ ಎಂದು ಎಚ್ಚರಿಸಿ 2020ರ 8.0ರಲ್ಲಿ ತೆಗೆದುಹಾಕಿದ ‘ಕ್ರಿಯೇಟ್ ಫಂಕ್ಷನ್’ ಎಂಬ ಸೌಲಭ್ಯವನ್ನು ಅದು ಇನ್ನೂ ಕರೆಯುತ್ತಿತ್ತು. ಇದೇ ಜಾತಿಯ ಇನ್ನೊಂದು ದೋಷವೂ ಮತ್ತೆ ಮತ್ತೆ ಕಾಣಸಿಗುತ್ತದೆ. ಏನೂ ಇಲ್ಲದ ವೇರಿಯಬಲ್ ಒಂದರಲ್ಲಿ ಎಷ್ಟು ಐಟಂಗಳಿವೆ ಎಂದು ಎಣಿಸಲು ಹೇಳಿದರೆ ಪಿಎಚ್‌ಪಿ 7.2ರಿಂದ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು, 8.0ರಿಂದ ಅಲ್ಲಿಯೇ ನಿಂತುಬಿಡುತ್ತದೆ. ಹಳೆಯ ಕೋಡ್‌ನಲ್ಲಿ ಬಹುಕಾಲದಿಂದ ಅಡಗಿದ್ದ ಅಸಡ್ಡೆ ಹೊಸ ಪಿಎಚ್‌ಪಿ ಬಂದಾಗ ಹೊರಬೀಳುವುದು ಹೀಗೆ.

ಆದ್ದರಿಂದ ನಾನು ಒಂದು ಹಾಳೆಯಲ್ಲಿ ದಿನಾಂಕ ಮತ್ತು ಗಂಟೆಯ ಸಹಿತ ಬದಲಾವಣೆಗಳನ್ನು ಬರೆದುಕೊಳ್ಳುತ್ತೇನೆ. ವರ್ಡ್‌ಪ್ರೆಸ್ 5.2ರಿಂದ ಇರುವ ‘ಸೈಟ್ ಹೆಲ್ತ್’ ಪುಟದ ಮಾಹಿತಿ ವಿಭಾಗದಲ್ಲಿ ಎಲ್ಲ ಆವೃತ್ತಿ ಸಂಖ್ಯೆಗಳೂ ಒಂದೇ ಕಡೆ ಸಿಗುತ್ತವೆ, ಅವನ್ನು ಹಾಗೆಯೇ ನಕಲು ಮಾಡಿಟ್ಟುಕೊಳ್ಳಬಹುದು. ಅಂದು ನನ್ನ ಹಾಳೆಯಲ್ಲಿ ಬಂದದ್ದು ಒಂದೇ ಸಾಲು. ವರ್ಡ್‌ಪ್ರೆಸ್ ಹಾಗೆಯೇ ಇತ್ತು, ಪಿಎಚ್‌ಪಿ ಹಾಗೆಯೇ ಇತ್ತು, ಕಾರ್ಯಕ್ರಮ ಪಟ್ಟಿಯ ಪ್ಲಗಿನ್ ಮಾತ್ರ ಶನಿವಾರ ರಾತ್ರಿ ಬದಲಾಗಿತ್ತು.

ಸರ್ವರ್ ಬಿದ್ದಿದೆಯೇ, ಬ್ರೌಸರ್ ನಿಂತಿದೆಯೇ

ಎರಡನೆಯ ಪ್ರಶ್ನೆ, ಕೆಲಸ ಎಲ್ಲಿಯವರೆಗೆ ಸರಿಯಾಗಿ ನಡೆದು ಎಲ್ಲಿ ನಿಂತಿತು ಎಂಬುದು. ತಾಣದಲ್ಲಿ ಗಂಭೀರ ದೋಷ ಉಂಟಾಗಿದೆ ಎಂಬ ಒಂದೇ ಸಾಲು ಕಂಡರೆ ಪಿಎಚ್‌ಪಿ ನಡುವಿನಲ್ಲಿ ನಿಂತಿದೆ ಎಂದರ್ಥ. 5.2ರಿಂದೀಚೆಗೆ ಇಂಥ ಸಂದರ್ಭದಲ್ಲಿ ವರ್ಡ್‌ಪ್ರೆಸ್ ಆಡಳಿತದ ಇಮೇಲ್ ವಿಳಾಸಕ್ಕೆ ರಿಕವರಿ ಮೋಡ್‌ನ ಕೊಂಡಿಯೊಂದನ್ನು ಕಳುಹಿಸುತ್ತದೆ. ಆ ಕೊಂಡಿಯಿಂದ ಒಳಗೆ ಹೋದವರಿಗೆ ಕೆಟ್ಟ ಪ್ಲಗಿನ್ ತಾತ್ಕಾಲಿಕವಾಗಿ ನಿಂತಂತೆ ಕಾಣುತ್ತದೆ, ಆದರೆ ಹೊರಗಿನ ಓದುಗರಿಗೆ ದೋಷ ಹಾಗೆಯೇ ಇರುತ್ತದೆ ಎಂಬುದನ್ನು ಮರೆಯಬಾರದು. ಸಂಘ ಸಂಸ್ಥೆಗಳಲ್ಲಿ ಈ ಮೇಲ್ ಕೈಗೆ ಸಿಗದಿರಲು ಒಂದು ಸಾಮಾನ್ಯ ಕಾರಣವಿದೆ. ತಾಣ ಶುರುಮಾಡಿದಾಗ ಇದ್ದ ಪದಾಧಿಕಾರಿಯ ವಿಳಾಸವೇ ಅಲ್ಲಿ ಉಳಿದಿರುತ್ತದೆ, ಅವರು ಊರಿಗೆ ಮರಳಿ ಎಷ್ಟೋ ಕಾಲವಾಗಿರುತ್ತದೆ. ಮೇಲ್ ಇಲ್ಲದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಪ್ಲಗಿನ್‌ಗಳ ಫೋಲ್ಡರಿನಲ್ಲಿ ಸಂಶಯವಿರುವ ಪ್ಲಗಿನ್‌ನ ಫೋಲ್ಡರಿನ ಹೆಸರಿಗೆ ಒಂದು ಅಕ್ಷರ ಸೇರಿಸಿದರೆ ಸಾಕು, ವರ್ಡ್‌ಪ್ರೆಸ್‌ಗೆ ಅದು ಸಿಗದೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮಾಹಿತಿ ಎಲ್ಲಿಯೂ ಅಳಿಯುವುದಿಲ್ಲ.

ತಾಣ ನಿರ್ವಹಣೆಯಲ್ಲಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂಬ ಸಂದೇಶ ಹೋಗದೆ ನಿಂತಿದ್ದರೆ ಅದು ಬೇರೆ ಸಂಗತಿ, ಅಪ್‌ಡೇಟ್ ನಡುವೆ ಕಡಿದುಹೋಗಿ ‘ಮೇಂಟೆನೆನ್ಸ್’ ಎಂಬ ಹೆಸರಿನ, ಚುಕ್ಕಿಯಿಂದ ಶುರುವಾಗುವ ಫೈಲ್ ಉಳಿದುಬಿಟ್ಟಿದೆ. ಅದನ್ನು ತೆಗೆದುಹಾಕಿ ಅಪ್‌ಡೇಟ್ ಮತ್ತೊಮ್ಮೆ ಮಾಡಿದರೆ ಸಾಕು. ಪಟ್ಟಿಯ ಪುಟ ಕಾಣುತ್ತಿದ್ದು ಒಂದೊಂದು ಕಾರ್ಯಕ್ರಮದ ಪುಟ ಮಾತ್ರ ಸಿಗುತ್ತಿಲ್ಲವೆಂದಾದರೆ ಪುಟಗಳ ವಿಳಾಸಗಳನ್ನು ಹೊಂದಿಸುವ ಪರ್ಮಾಲಿಂಕ್ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ಒಮ್ಮೆ ಸೇವ್ ಮಾಡಿ ನೋಡಬೇಕು.

ಪಿಎಚ್‌ಪಿ ನಿಂತಿದ್ದರೆ ಅದು ಎಲ್ಲಿ ನಿಂತಿತು ಎಂಬುದು ದೋಷಗಳ ದಾಖಲೆಯಾದ ಲಾಗ್‌ನಲ್ಲಿ ಸಿಗುತ್ತದೆ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲ್‌ನಲ್ಲಿ ಡೀಬಗ್ ಮೋಡ್ ಆನ್ ಮಾಡಿ, ದೋಷಗಳು ಲಾಗ್ ಫೈಲ್‌ಗೆ ಹೋಗುವಂತೆಯೂ ಪುಟದ ಮೇಲೆ ಕಾಣಿಸದಂತೆಯೂ ಹೊಂದಿಸಬೇಕು. ಲಾಗ್ ಫೈಲ್ ಮಾಮೂಲಿ ಜಾಗದಲ್ಲಿದ್ದರೆ ವಿಳಾಸ ಊಹಿಸಿದ ಯಾರಾದರೂ ಅದನ್ನು ಬ್ರೌಸರಿನಲ್ಲಿ ಓದಬಹುದಾದ್ದರಿಂದ, 5.1ರಿಂದ ಸಾಧ್ಯವಿರುವಂತೆ ಅದಕ್ಕೆ ತಾಣದ ಫೋಲ್ಡರಿನ ಹೊರಗಿನ ಜಾಗವೊಂದನ್ನು ಕೊಡುವುದು ಕ್ಷೇಮ. ಲಾಗ್ ಓದುವಾಗ ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ದೋಷದ ಮಾತಿಗಿಂತ ಅದರ ಜೊತೆಗಿರುವ ಫೈಲ್‌ನ ದಾರಿ ಮುಖ್ಯ, ಏಕೆಂದರೆ ಯಾವ ಪ್ಲಗಿನ್‌ನ ಫೋಲ್ಡರ್ ಎಂಬುದು ಅದರಲ್ಲೇ ಇರುತ್ತದೆ. ಪುಣೆಯ ಗೆಳೆಯರು ಈ ಸಾಲನ್ನು ಮೊದಲ ದಿನವೇ ಓದಿದ್ದರೆ ಫೋಟೋ ಗ್ಯಾಲರಿಯ ಹೆಸರು ಕಣ್ಣಿಗೆ ಬೀಳುತ್ತಿತ್ತು. ಎರಡು, ಆ ಲಾಗ್‌ನ ಗಡಿಯಾರ ನಮ್ಮದಲ್ಲ. ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯವನ್ನು ಬರೆಯುತ್ತದೆ, ಭಾರತದ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ನಮ್ಮ ಶನಿವಾರ ರಾತ್ರಿ 11.40 ಅಲ್ಲಿ 18.10 ಆಗಿರುತ್ತದೆ, ಭಾನುವಾರ ನಸುಕಿನ 2.10ರ ದೋಷ ಶನಿವಾರದ ತಾರೀಕಿನಲ್ಲಿ 20.40 ಎಂದು ಬಿದ್ದಿರುತ್ತದೆ. ಈ ಲೆಕ್ಕ ಹಾಕದೆ ಓದಿದರೆ ಅಪ್‌ಡೇಟ್‌ಗಿಂತ ಮೊದಲೇ ದೋಷವಿತ್ತು ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಬಹಳ ಸುಲಭ.

ನಮ್ಮ ತಾಣದ ಲಾಗ್‌ನಲ್ಲಿ ಅಂದು ಏನೂ ಇರಲಿಲ್ಲ. ಪುಟ ತೆರೆಯುತ್ತಿತ್ತು, ಮೇಲಿನ ಬ್ಯಾನರ್, ಕೆಳಗಿನ ವಿಳಾಸ ಎಲ್ಲವೂ ಇದ್ದವು, ನಡುವೆ ಪಟ್ಟಿ ಬರಬೇಕಾದ ಜಾಗದಲ್ಲಿ ಸುತ್ತುವ ಚಕ್ರವೊಂದು ಸುತ್ತುತ್ತಲೇ ಇತ್ತು. ಇದರರ್ಥ, ಪುಟವನ್ನು ಕಟ್ಟುವ ಪಿಎಚ್‌ಪಿ ತನ್ನ ಕೆಲಸ ಮುಗಿಸಿದೆ, ಪಟ್ಟಿಯನ್ನು ಆಮೇಲೆ ತರಿಸಿಕೊಳ್ಳುವ, ಬ್ರೌಸರಿನಲ್ಲಿ ನಡೆಯುವ ಕೋಡ್ ಆದ ಜಾವಾಸ್ಕ್ರಿಪ್ಟ್ ಎಲ್ಲೋ ಕಾಯುತ್ತಿದೆ.

ಬ್ರೌಸರಿನ ಕಡೆಯ ದೋಷಗಳಿಗೆ ಕೀಬೋರ್ಡಿನ ಎಫ್12 ಒತ್ತಿದರೆ ತೆರೆಯುವ ಡೆವಲಪರ್ ಟೂಲ್ಸ್‌ಗಿಂತ ಒಳ್ಳೆಯ ಸಾಧನ ಇಲ್ಲ. ಅದರ ಕನ್ಸೋಲ್ ಮತ್ತು ನೆಟ್‌ವರ್ಕ್ ಎಂಬ ಎರಡು ವಿಭಾಗಗಳು ನಮಗೆ ಸಾಕು. ಒಂದು ಕಾಲದಲ್ಲಿ ಇಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಜಾವಾಸ್ಕ್ರಿಪ್ಟ್‌ನ ಸಿದ್ಧ ಕೋಡ್ ಸಂಗ್ರಹವಾದ ಜೇಕ್ವೆರಿಯ ಗೋಳು. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5 ಹಳೆಯ ಕೋಡ್‌ಗೆ ಆಸರೆಯಾಗಿದ್ದ ಜೇಕ್ವೆರಿ ಮೈಗ್ರೇಟ್ ಎಂಬ ಫೈಲನ್ನು ಕೈಬಿಟ್ಟಿತು, ಅದೇ ವರ್ಷದ ಡಿಸೆಂಬರಿನ 5.6 ಜೇಕ್ವೆರಿಯನ್ನೇ 1.12.4ರಿಂದ 3.5.1ಕ್ಕೆ ಏರಿಸಿತು, ಆ ಕೆಲವು ತಿಂಗಳುಗಳಲ್ಲಿ ಮೆನು, ಸ್ಲೈಡರ್, ಫಾರ್ಮ್‌ಗಳು ಸಾಲಾಗಿ ನಿಂತವು. ಈಗಲೂ ವರ್ಷಗಳಿಂದ ಮುಟ್ಟದ ತಾಣವನ್ನು ಒಮ್ಮೆಗೇ ಅಪ್‌ಡೇಟ್ ಮಾಡಿದವರು ಇದೇ ದೋಷವನ್ನು ಎದುರಿಸುತ್ತಾರೆ.

ನೆಟ್‌ವರ್ಕ್ ವಿಭಾಗದಲ್ಲಿ ಪಟ್ಟಿಯನ್ನು ಕೇಳುವ ವಿನಂತಿಯ ಸಾಲನ್ನು ಹುಡುಕಿ ಅದರ ಉತ್ತರದ ಸಂಖ್ಯೆಯನ್ನು ನೋಡಬೇಕು. 500 (ಸರ್ವರ್‌ನೊಳಗೆ ದೋಷ) ಎಂದಿದ್ದರೆ ಪಿಎಚ್‌ಪಿ ಲಾಗ್‌ಗೆ ಮರಳಿ ಹೋಗಬೇಕು. 403 (ಅನುಮತಿ ಇಲ್ಲ) ಎಂದಿದ್ದು, ಉತ್ತರದಲ್ಲಿ ಮೈನಸ್ ಒಂದು ಮಾತ್ರ ಇದ್ದರೆ ಕ್ಯಾಶ್‌ನ, ಅಂದರೆ ಮೊದಲೇ ಕಟ್ಟಿ ಕೂಡಿಟ್ಟ ಪುಟಗಳ, ಮೇಲೆ ಸಂಶಯ ಪಡಬೇಕು. ವರ್ಡ್‌ಪ್ರೆಸ್ ಇಂಥ ವಿನಂತಿಗಳಿಗೆ ನಾನ್ಸ್ ಎಂಬ ಗುರುತಿನ ಸಂಖ್ಯೆಯನ್ನು ಪುಟದಲ್ಲೇ ಇಟ್ಟು ಕಳುಹಿಸುತ್ತದೆ, ಅದರ ಆಯುಷ್ಯ ಹೆಚ್ಚೆಂದರೆ 24 ಗಂಟೆ. ಕ್ಯಾಶ್ ಪ್ಲಗಿನ್ ಅದಕ್ಕಿಂತ ಹಳೆಯ ಪುಟವನ್ನು ಓದುಗರಿಗೆ ಕೊಡುತ್ತಿದ್ದರೆ ಸರ್ವರ್ ಆ ಗುರುತನ್ನು ಒಪ್ಪುವುದಿಲ್ಲ. ಲಾಗಿನ್ ಆಗಿರುವವರಿಗೆ ಸಾಮಾನ್ಯವಾಗಿ ಕ್ಯಾಶ್ ಪುಟ ಸಿಗದ ಕಾರಣ ನಮಗೆ ಎಲ್ಲ ಸರಿಯಾಗಿ ಕಾಣುತ್ತದೆ, ಕಾರ್ಯದರ್ಶಿಗಳಿಗೆ ಕಾಣುವುದಿಲ್ಲ. “ನನಗೆ ಕಾಣುತ್ತದಲ್ಲ” ಎಂದು ಅವರಿಗೆ ಹೇಳಿ ಫೋನ್ ಇಡುವ ಮುನ್ನ ಖಾಸಗಿ ವಿಂಡೋದಲ್ಲಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ನೋಡುವುದು ನಮ್ಮ ಕರ್ತವ್ಯ.

ನಾನು ಹೀಗೆ ನೋಡಿದಾಗ ಸಿಕ್ಕಿದ್ದು 200. ಅಂದರೆ ಎಲ್ಲವೂ ಸರಿ ಎಂದು ಸರ್ವರ್ ಹೇಳುತ್ತಿತ್ತು. ಆದರೆ ಉತ್ತರದ ಒಡಲಲ್ಲಿ ಒಂದಕ್ಷರವೂ ಇರಲಿಲ್ಲ. ಕನ್ಸೋಲ್‌ನಲ್ಲಿ, ಜೇಸನ್ (ಸರ್ವರ್ ಪಟ್ಟಿಯ ಮಾಹಿತಿಯನ್ನು ಕಳುಹಿಸುವ ಬರಹರೂಪ) ಆರಂಭವಾಗುವ ಮೊದಲೇ ಮುಗಿದಿದೆ ಎಂಬ ಅರ್ಥದ ಕೆಂಪು ಸಾಲು ಇತ್ತು.

ಪ್ಲಗಿನ್‌ಗಳ ನಡುವಿನ ಜಗಳವೇ

ಇಲ್ಲಿ ನಾನು ಎಲ್ಲರೂ ಮಾಡುವ ಪರೀಕ್ಷೆಯನ್ನು ಮಾಡಿದೆ. ಹೆಲ್ತ್ ಚೆಕ್ ಎಂಬ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್ ಆನ್ ಮಾಡಿದರೆ, ಲಾಗಿನ್ ಆಗಿರುವ ನಮಗೆ ಮಾತ್ರ ಉಳಿದೆಲ್ಲ ಪ್ಲಗಿನ್‌ಗಳು ಆಫ್ ಆದ ತಾಣ ಕಾಣುತ್ತದೆ, ಹೊರಗಿನವರಿಗೆ ಏನೂ ಬದಲಾಗುವುದಿಲ್ಲ. 22ರಲ್ಲಿ ಒಂದೊಂದನ್ನೇ ಆಫ್ ಮಾಡುತ್ತ ಹೋಗುವ ಅಗತ್ಯ ಇಲ್ಲ. ಸಂಶಯವಿರುವ ಪ್ಲಗಿನ್ನನ್ನು ಆನ್ ಇಟ್ಟುಕೊಂಡೇ ಉಳಿದ 21ರಲ್ಲಿ ಅರ್ಧದಷ್ಟನ್ನು ಆಫ್ ಮಾಡಬೇಕು. ದೋಷ ಹೋದರೆ ಅದರೊಡನೆ ಜಗಳವಾಡುವ ಜೊತೆಗಾರ ಆ ಅರ್ಧದಲ್ಲಿದ್ದಾನೆ, ಉಳಿದರೆ ಇನ್ನೊಂದು ಅರ್ಧದಲ್ಲಿದ್ದಾನೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ ಐದು ಸುತ್ತುಗಳಲ್ಲಿ ಒಂದೇ ಪ್ಲಗಿನ್ ಉಳಿಯುತ್ತದೆ. ಮೊದಲು ಮಾತ್ರ 21ನ್ನೂ ಒಟ್ಟಿಗೆ ಆಫ್ ಮಾಡಿ, ಥೀಮನ್ನು ವರ್ಡ್‌ಪ್ರೆಸ್‌ನದೇ ಒಂದಕ್ಕೆ ಬದಲಿಸಿ ನೋಡಬೇಕು, ಆಗಲೂ ದೋಷ ಉಳಿದರೆ ಈ ಸುತ್ತುಗಳೇ ಬೇಕಿಲ್ಲ.

ನಮ್ಮಲ್ಲಿ ಆಗಲೂ ದೋಷ ಉಳಿಯಿತು. ಹಾಗಾದರೆ ಜಗಳ ಬೇರೆ ಪ್ಲಗಿನ್‌ನ ಜೊತೆಗಲ್ಲ. ಸಾವಿರಾರು ತಾಣಗಳಲ್ಲಿ ನಡೆಯುತ್ತಿರುವ ಆವೃತ್ತಿ ನಮ್ಮಲ್ಲಿ ಮಾತ್ರ ಏಕೆ ನಡೆಯುತ್ತಿಲ್ಲ ಎಂಬ ಪ್ರಶ್ನೆ ಉಳಿದದ್ದು ಹೀಗೆ. ಕೋಡ್ ಎಲ್ಲರದೂ ಒಂದೇ ಆಗಿದ್ದು, ಬೇರೆ ಪ್ಲಗಿನ್ ಅಡ್ಡ ಬರುತ್ತಿಲ್ಲವೆಂದಾದರೆ, ಭಿನ್ನವಾಗಿರುವುದು ನಮ್ಮ ಮಾಹಿತಿ. ಈ ಪ್ರಶ್ನೆಯನ್ನು ಅನೇಕರು ಕೇಳುವುದೇ ಇಲ್ಲ ಎಂಬುದು ನನ್ನ ಅನುಭವ.

ಕತ್ತರಿಸಿಹೋದ ‘ತ’

ಅಲ್ಲಿಂದ ಮುಂದಿನ ಕೆಲಸವನ್ನು ಸ್ಟೇಜಿಂಗ್ ಪ್ರತಿಯಲ್ಲಿ, ಅಂದರೆ ಪ್ರಯೋಗಕ್ಕೆಂದು ಬೇರೆಯಾಗಿಟ್ಟ ಅದೇ ತಾಣದ ನಕಲಿನಲ್ಲಿ ಮಾಡಿದೆ. ಪಟ್ಟಿಯ ತಿಂಗಳನ್ನು ಬದಲಿಸಿದಾಗ ಜೂನ್ ಸರಿಯಾಗಿ ಬಂತು, ಆಗಸ್ಟ್ ಸರಿಯಾಗಿ ಬಂತು, ಜುಲೈ ಮಾತ್ರ ಬರಲಿಲ್ಲ. ಜುಲೈನಲ್ಲಿ ಏಳು ಕಾರ್ಯಕ್ರಮಗಳಿದ್ದವು. ಒಂದೊಂದನ್ನೇ ಡ್ರಾಫ್ಟ್ ಮಾಡುತ್ತ ಹೋದೆ. ‘ದಾಸರ ಪದಗಳ ಗಾಯನ ಮತ್ತು ವಿಚಾರ ಸಂಕಿರಣ’ ಎಂಬ ಶೀರ್ಷಿಕೆಯದನ್ನು ಡ್ರಾಫ್ಟ್ ಮಾಡಿದಾಗ ಉಳಿದ ಆರೂ ಕೂಡಲೇ ಕಾಣಿಸಿಕೊಂಡವು. ಅದೇ ಕಾರ್ಯಕ್ರಮಕ್ಕೆ ಇಂಗ್ಲಿಷ್ ಶೀರ್ಷಿಕೆ ಕೊಟ್ಟಾಗ ಪಟ್ಟಿ ಬಂತು. ಕನ್ನಡಕ್ಕೆ ಮರಳಿ ‘ವಿಚಾರ ಸಂಕಿರಣ’ವನ್ನು ತೆಗೆದಾಗ ಬರಲಿಲ್ಲ, ‘ಮತ್ತು’ವನ್ನೂ ತೆಗೆದು ‘ದಾಸರ ಪದಗಳ ಗಾಯನ’ ಎಂದಷ್ಟೇ ಇಟ್ಟಾಗ ಬಂತು. ದೋಷ ‘ಮತ್ತು’ ಎಂಬ ಪದದೊಳಗಿತ್ತು.

ಪ್ಲಗಿನ್‌ನ ಬದಲಾವಣೆಗಳ ಪಟ್ಟಿಯಲ್ಲಿ, ಹೊಸ ಆವೃತ್ತಿಯು ಉದ್ದದ ಶೀರ್ಷಿಕೆಗಳನ್ನು ಚಿಕ್ಕದಾಗಿಸಿ ತೋರಿಸುತ್ತದೆ ಎಂಬ ಒಂದು ಸಾಲು ಇತ್ತು. ಕೋಡ್ ತೆರೆದು ಆ ಭಾಗವನ್ನು ಹುಡುಕಿದಾಗ, ಶೀರ್ಷಿಕೆಯ ಮೊದಲ 50 ಬೈಟ್‌ಗಳನ್ನು (ಬೈಟ್ ಎಂದರೆ ಕಂಪ್ಯೂಟರ್ ಮಾಹಿತಿಯನ್ನು ಕೂಡಿಡುವ ಚಿಕ್ಕ ಘಟಕ) ಕತ್ತರಿಸಿಕೊಂಡು ಮುಂದೆ ಮೂರು ಚುಕ್ಕಿ ಸೇರಿಸುವ ಸಾಲು ಸಿಕ್ಕಿತು. ಬರೆದವರು 50 ಅಕ್ಷರ ಎಂದುಕೊಂಡಿದ್ದರು. ಇಂಗ್ಲಿಷ್‌ನಲ್ಲಿ ಎರಡೂ ಒಂದೇ, ಏಕೆಂದರೆ ಅಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಮತ್ತು ನಾವು ಒಂದು ಅಕ್ಷರವೆಂದು ಓದುವುದು ಅನೇಕ ವೇಳೆ ಒಂದಕ್ಕಿಂತ ಹೆಚ್ಚು ಸಂಕೇತಗಳಿಂದ ಆಗಿರುತ್ತದೆ. ‘ತ್ತು’ ಎಂಬಲ್ಲಿ ತ, ವಿರಾಮ ಚಿಹ್ನೆ (ಒತ್ತಕ್ಷರಕ್ಕಾಗಿ ವ್ಯಂಜನಗಳನ್ನು ಬೆಸೆಯುವ ‘್’), ಇನ್ನೊಂದು ತ, ಉಕಾರ ಎಂಬ ನಾಲ್ಕು ಸಂಕೇತಗಳಿವೆ, ಅಂದರೆ 12 ಬೈಟ್.

ಲೆಕ್ಕ ಹಾಕಿ ನೋಡಿದೆ. ‘ದಾಸರ’ 12 ಬೈಟ್, ಖಾಲಿ ಜಾಗ 1, ‘ಪದಗಳ’ 12, ಖಾಲಿ ಜಾಗ 1, ‘ಗಾಯನ’ 12, ಮತ್ತೆ ಖಾಲಿ ಜಾಗ 1. ಒಟ್ಟು 39. ಇನ್ನುಳಿದ 11 ಬೈಟ್‌ಗಳಲ್ಲಿ ‘ಮತ್ತು’ವಿನ ಮ, ತ, ವಿರಾಮ ಚಿಹ್ನೆ ಇವು ಮೂರಕ್ಕೆ 9 ಹೋದವು. ಉಳಿದ 2 ಬೈಟ್‌ಗಳಲ್ಲಿ ಎರಡನೆಯ ‘ತ’ದ ಮೂರರಲ್ಲಿ ಎರಡು ಭಾಗ ಮಾತ್ರ ಹಿಡಿಯಿತು. ಹೀಗೆ ತುಂಡಾದ ಸಂಕೇತ ಯಾವ ಭಾಷೆಯಲ್ಲಿಯೂ ಯಾವ ಅಕ್ಷರವೂ ಅಲ್ಲ. ಪಿಎಚ್‌ಪಿಯ ಜೇಸನ್ ಫಂಕ್ಷನ್ ಇಂಥ ಮುರಿದ ಬೈಟ್‌ಗಳನ್ನು ಕಂಡರೆ ಆ ಒಂದು ಶೀರ್ಷಿಕೆಯನ್ನಲ್ಲ, ಇಡೀ ಪಟ್ಟಿಯನ್ನೇ ಕೈಬಿಟ್ಟು ‘ಫಾಲ್ಸ್’ ಎಂದು ಮರಳಿಸುತ್ತದೆ. ಅದನ್ನು ಪ್ರಿಂಟ್ ಮಾಡಿದರೆ ಬರುವುದು ಖಾಲಿ. ಯಾವ ಎಚ್ಚರಿಕೆಯೂ ಲಾಗ್‌ಗೆ ಹೋಗುವುದಿಲ್ಲ, 200 ಎಂಬ ಸಂಖ್ಯೆಯೂ ಬದಲಾಗುವುದಿಲ್ಲ. ಲಾಗ್ ಖಾಲಿ ಇದ್ದುದಕ್ಕೂ ಚಕ್ರ ಸುತ್ತುತ್ತಲೇ ಇದ್ದುದಕ್ಕೂ ಇದೇ ಕಾರಣ.

ಆಗಸ್ಟ್‌ನಲ್ಲಿ ‘ಮಕ್ಕಳ ಚಿತ್ರಕಲಾ ಸ್ಪರ್ಧೆ ಮತ್ತು ಬಹುಮಾನ ವಿತರಣೆ’ ಎಂಬ ಅಷ್ಟೇ ಉದ್ದದ ಶೀರ್ಷಿಕೆ ಇದ್ದರೂ ಅದು ಏಕೆ ನಡೆಯಿತು? ‘ಮಕ್ಕಳ’ 15, ಖಾಲಿ ಜಾಗ 1, ‘ಚಿತ್ರಕಲಾ’ 24, ಖಾಲಿ ಜಾಗ 1, ಒಟ್ಟು 41. ಉಳಿದ 9ರಲ್ಲಿ ಸ, ವಿರಾಮ ಚಿಹ್ನೆ, ಪ ಮೂರೂ ಪೂರ್ತಿಯಾಗಿ ಕೂತವು. ಪುಟದಲ್ಲಿ ‘ಮಕ್ಕಳ ಚಿತ್ರಕಲಾ ಸ್ಪ...’ ಎಂದು ಬಂತು. ಪದ ಕೆಟ್ಟರೂ ಬೈಟ್‌ಗಳು ಕೆಡಲಿಲ್ಲ. ಆ ಮೊಂಡಾದ ‘ಸ್ಪ’ವನ್ನು ನಾನು ಬೆಳಿಗ್ಗೆಯೇ ಕಂಡಿದ್ದೆ, ಆದರೆ ಅದು ಸುಳಿವು ಎಂದು ಆಗ ಹೊಳೆಯಲಿಲ್ಲ. ಅದನ್ನು ಹಿಡಿದು ಹೋಗಿದ್ದರೆ ಒಂದು ತಾಸು ಉಳಿಯುತ್ತಿತ್ತು. ಕನ್ನಡದ ತಾಣಗಳಲ್ಲಿ ಪದಗಳು ನಡುವೆ ತುಂಡಾಗಿ ಕಂಡರೆ, ಚೌಕಾಕಾರದ ಅಥವಾ ಪ್ರಶ್ನೆಯ ಗುರುತುಗಳು ಬಾಲದಲ್ಲಿ ಕಂಡರೆ, ಯಾರೋ ಬೈಟ್ ಎಣಿಸುತ್ತಿದ್ದಾರೆ ಎಂದು ಕೂಡಲೇ ಅನುಮಾನಿಸಬೇಕು. ದೇವನಾಗರಿಗೂ ಮೂರೇ ಬೈಟ್ ಆದ್ದರಿಂದ ಮುಂಬಯಿಯ ಮರಾಠಿ ತಾಣಗಳಿಗೂ ಇದೇ ಅಪಾಯವಿದೆ.

ಸರಿಪಡಿಸಿದ್ದು ಮತ್ತು ತಿಳಿಸಿದ್ದು

ಕೋಡ್‌ನಲ್ಲಿ ಬೇಕಾದ ತಿದ್ದುಪಡಿ ಚಿಕ್ಕದು. ಬೈಟ್ ಎಣಿಸುವ ಫಂಕ್ಷನ್ನಿನ ಜಾಗದಲ್ಲಿ, ಅದೇ ಹೆಸರಿನ ಆರಂಭಕ್ಕೆ ‘ಎಂಬಿ’ ಸೇರಿಸಿದ, ಸಂಕೇತಗಳನ್ನು ಎಣಿಸುವ ಫಂಕ್ಷನ್ ಬಳಸಿದರೆ ಜೇಸನ್ ಮುರಿಯುವುದಿಲ್ಲ. ಆದರೆ ಆಗಲೂ ಒತ್ತಕ್ಷರದ ನಡುವೆ ಕತ್ತರಿ ಬೀಳಬಹುದು, ‘ಮತ್ತು’ ಹೋಗಿ ‘ಮತ್’ ಆಗಬಹುದು. ಕನ್ನಡಕ್ಕೆ ಸರಿಹೊಂದುವುದು ಪದಗಳ ಲೆಕ್ಕದಲ್ಲಿ ಕತ್ತರಿಸುವುದು, ಅದಕ್ಕೆ ವರ್ಡ್‌ಪ್ರೆಸ್‌ನಲ್ಲಿಯೇ ಒಂದು ಫಂಕ್ಷನ್ ಇದೆ. ಜೇಸನ್‌ಗೂ ವರ್ಡ್‌ಪ್ರೆಸ್ ತನ್ನದೇ ಫಂಕ್ಷನ್ ಇಟ್ಟುಕೊಂಡಿದೆ, ಅದು ಮೊದಲ ಯತ್ನ ಸೋತರೆ ಅಕ್ಷರಗಳನ್ನು ಶುದ್ಧಮಾಡಿ ಇನ್ನೊಮ್ಮೆ ಯತ್ನಿಸುತ್ತದೆ. ಪ್ಲಗಿನ್‌ನವರು ಅದನ್ನು ಬಿಟ್ಟು ಪಿಎಚ್‌ಪಿಯದನ್ನು ನೇರವಾಗಿ ಕರೆದಿದ್ದರು.

ಹಾಗೆಂದು ನಾವೇ ಪ್ಲಗಿನ್‌ನ ಫೈಲ್ ತಿದ್ದುವುದು ಸರಿಯಲ್ಲ, ಮುಂದಿನ ಅಪ್‌ಡೇಟ್ ಬಂದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ ಮತ್ತು ದೋಷ ಮರಳಿ ಬರುತ್ತದೆ. ಹಳೆಯ ಆವೃತ್ತಿಗೆ ಹಿಂದಿರುಗುವುದು ಮೇಲು. ವರ್ಡ್‌ಪ್ರೆಸ್‌ನ ಪ್ಲಗಿನ್ ಭಂಡಾರದಲ್ಲಿ ಪ್ಲಗಿನ್‌ನ ಪುಟದ ‘ಅಡ್ವಾನ್ಸ್ಡ್ ವ್ಯೂ’ ಎಂಬಲ್ಲಿ ಹಿಂದಿನ ಆವೃತ್ತಿಗಳು ಸಿಗುತ್ತವೆ. ಇಳಿಸಿಕೊಳ್ಳುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಹೊಸ ಆವೃತ್ತಿ ಯಾವುದಾದರೂ ಭದ್ರತಾ ಲೋಪವನ್ನು ಮುಚ್ಚಿದೆಯೇ? ಮುಚ್ಚಿದ್ದರೆ ಹಿಂದೆ ಹೋಗಲೇಬಾರದು, ಬದಲಿಗೆ ಶೀರ್ಷಿಕೆಗಳನ್ನೇ 16 ಸಂಕೇತಗಳೊಳಗೆ ಇಟ್ಟುಕೊಂಡು ಕಾಯಬೇಕು. ಹೊಸ ಆವೃತ್ತಿ ಡೇಟಾಬೇಸ್‌ನ ಟೇಬಲ್‌ಗಳನ್ನು ಬದಲಿಸಿದೆಯೇ? ಬದಲಿಸಿದ್ದರೆ ಹಳೆಯ ಕೋಡ್‌ಗೆ ಹೊಸ ಟೇಬಲ್ ಅರ್ಥವಾಗದು, ಡೇಟಾಬೇಸ್‌ನ ಬ್ಯಾಕಪ್ ಕೂಡ ಹಿಂದಕ್ಕೆ ಹಾಕಬೇಕಾಗುತ್ತದೆ. ನಮ್ಮಲ್ಲಿ ಎರಡೂ ಇರಲಿಲ್ಲ. ಸ್ಟೇಜಿಂಗ್‌ನಲ್ಲಿ ಹಳೆಯ ಆವೃತ್ತಿ ಹಾಕಿ ಮೂರು ತಿಂಗಳ ಪಟ್ಟಿಗಳನ್ನೂ ನೋಡಿ, ಆಮೇಲೆ ನಿಜವಾದ ತಾಣದಲ್ಲಿ ಹಾಕಿ, ಕ್ಯಾಶ್ ಖಾಲಿ ಮಾಡಿ, ಆ ಒಂದು ಪ್ಲಗಿನ್‌ನ ಆಟೋ ಅಪ್‌ಡೇಟ್ ಮಾತ್ರ ನಿಲ್ಲಿಸಿದೆ.

ವರ್ಡ್‌ಪ್ರೆಸ್ 6.6ರಿಂದ ಆಟೋ ಅಪ್‌ಡೇಟ್ ಆದ ಪ್ಲಗಿನ್ ತಾಣವನ್ನು ಬೀಳಿಸಿದರೆ ಹಿಂದಿನ ಆವೃತ್ತಿಗೆ ತಾನೇ ಮರಳುವ ವ್ಯವಸ್ಥೆ ಇದೆ. ಅದು ಗಮನಿಸುವುದು ಪಿಎಚ್‌ಪಿ ನಿಂತುಹೋಗುವಂಥ ದೋಷವನ್ನು ಮಾತ್ರ. ನಮ್ಮದರಂತೆ ಸದ್ದಿಲ್ಲದೆ ಖಾಲಿ ಉತ್ತರ ಕೊಡುವ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ.

ಪ್ಲಗಿನ್ ಬರೆದವರಿಗೆ ಕಳುಹಿಸಿದ ವರದಿಯಲ್ಲಿ ‘ಅಪ್‌ಡೇಟ್ ಆದ ಮೇಲೆ ಕೆಲಸ ಮಾಡುತ್ತಿಲ್ಲ’ ಎಂದು ಬರೆಯಲಿಲ್ಲ. ಆ ಒಂದು ವಾಕ್ಯದಿಂದ ಅವರು ಏನನ್ನೂ ಮಾಡಲಾರರು. ಪಿಎಚ್‌ಪಿ, ವರ್ಡ್‌ಪ್ರೆಸ್, ಪ್ಲಗಿನ್ ಮೂರರ ಆವೃತ್ತಿಗಳನ್ನು ಕೊಟ್ಟು, ಮುರಿಯುವ ಶೀರ್ಷಿಕೆ ಮತ್ತು ಮುರಿಯದ ಶೀರ್ಷಿಕೆ ಎರಡನ್ನೂ ನಕಲು ಮಾಡಿ ಅಂಟಿಸಬಹುದಾದಂತೆ ಇಟ್ಟು, ಕೋಡ್‌ನ ಸಾಲಿನ ಸಂಖ್ಯೆ ಬರೆದೆ. ಕನ್ನಡ ಓದಲು ಬಾರದವರೂ ಆ ಎರಡು ಶೀರ್ಷಿಕೆಗಳನ್ನು ತಮ್ಮ ತಾಣದಲ್ಲಿ ಹಾಕಿ ಒಂದೇ ನಿಮಿಷದಲ್ಲಿ ದೋಷವನ್ನು ಕಣ್ಣಾರೆ ಕಾಣಬಹುದಿತ್ತು. ಅವರು ಮರುದಿನವೇ ಒಪ್ಪಿ ಉತ್ತರ ಬರೆದರು, ಎರಡು ವಾರದ ನಂತರ ತಿದ್ದಿದ ಆವೃತ್ತಿ ಬಂತು.

ಈಗ ನಮ್ಮ ಸ್ಟೇಜಿಂಗ್ ಪ್ರತಿಯಲ್ಲಿ ಪರೀಕ್ಷೆಗೆಂದೇ ಒಂದು ತಿಂಗಳ ಪಟ್ಟಿ ಇಟ್ಟಿದ್ದೇನೆ. ಅದರಲ್ಲಿ ಒತ್ತಕ್ಷರಗಳು ತುಂಬಿದ ಉದ್ದದ ಕನ್ನಡ ಶೀರ್ಷಿಕೆಗಳು, ಮರಾಠಿಯದೊಂದು, ಕನ್ನಡ ಮತ್ತು ಇಂಗ್ಲಿಷ್ ಬೆರೆತದ್ದೊಂದು ಇವೆ. ತಿದ್ದಿದ ಆವೃತ್ತಿಯನ್ನು ಮೊದಲು ಅಲ್ಲಿ ಹಾಕಿ, ಪಟ್ಟಿ ಪೂರ್ತಿ ಬಂದ ಮೇಲೆ ತಾಣದಲ್ಲಿ ಹಾಕಿದೆ. ಆಮೇಲೆ ಡೀಬಗ್ ಮೋಡ್ ಆಫ್ ಮಾಡಿ, ಲಾಗ್ ಫೈಲ್ ಅಳಿಸಿ, ಸ್ಟೇಜಿಂಗ್‌ಗೆ ಪಾಸ್‌ವರ್ಡ್ ಹಾಕಿ, ಪ್ಲಗಿನ್‌ನ ಆಟೋ ಅಪ್‌ಡೇಟ್ ಮರಳಿ ಆನ್ ಮಾಡಿದೆ. ಆಡಳಿತದ ಇಮೇಲ್ ನೋಡಿದಾಗ ಅಲ್ಲಿಯೂ ಹಳೆಯ ಪದಾಧಿಕಾರಿಯೊಬ್ಬರ ವಿಳಾಸವೇ ಇತ್ತು. ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ಅದನ್ನು ಸಂಘದ ಸಾಮಾನ್ಯ ವಿಳಾಸಕ್ಕೆ ಬದಲಿಸಿ, ಹೋಸ್ಟಿಂಗ್‌ನವರ ದಾಖಲೆಯಲ್ಲಿಯೂ ಅದನ್ನೇ ಕೊಟ್ಟೆ.